ಬಾಕಿ ಮುಂದಕ್ಕೆ

‘ಅವಧಿ ಮೀರಿದೆ’ ಅಂತ ಫೋನಿನ ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಕೆಳಗೆ ನಾನೇ ಬರೆದಿಟ್ಟ ಕೆಲಸಗಳ ಸಾಲು. ಸುರಪುರದ ಮನೆಯ ವಾರಸಾ ಅರ್ಜಿ, ಗೆಳೆಯನ ಪುಸ್ತಕಕ್ಕೆ ನಾಲ್ಕು ಮಾತು, ನೀರಿನ ಫಿಲ್ಟರಿನವನಿಗೆ ಫೋನು, ಹಳೇ ಪೇಪರು ಮಾರುವುದು. ಯಾವುದಕ್ಕೂ ಯಾರೂ ನನ್ನ ಕೊರಳಪಟ್ಟಿ ಹಿಡಿದು ಕೇಳಿರಲಿಲ್ಲ. ಪೇಪರು ಮಾರದಿದ್ದರೆ ಜಗತ್ತೇನೂ ಮುಳುಗುತ್ತಿರಲಿಲ್ಲ. ಆದರೂ ಆ ಕೆಂಪು ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು.

ಈ ಆ್ಯಪು ನನ್ನ ಫೋನಿಗೆ ಬಂದದ್ದು ಮಗಳಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವಳು ದಸರೆಗೆ ಕಲಬುರಗಿಗೆ ಬಂದಾಗ ನನ್ನ ಮೇಜಿನ ಗಾಜಿನಡಿಯ ಚೀಟಿಗಳನ್ನೂ, ಲಗ್ನಪತ್ರಿಕೆಗಳ ಬೆನ್ನಿಗೆ ಬರೆದ ಯಾದಿಗಳನ್ನೂ ನೋಡಿ, “ಅಪ್ಪಾ, ಇದು ಟೇಬಲ್ಲೋ ತಿಪ್ಪಿಯೋ? ತಲ್ಯಾಗ ಏನೂ ಇಟ್ಕೋಬ್ಯಾಡ. ಎಲ್ಲಾ ಇದರಾಗ ಹಾಕು. ಅದೇ ನೆಪ್ಪ ಮಾಡ್ತದ” ಅಂದಳು. ಹಾಕಿದೆ. ತಲೆಯಲ್ಲಿದ್ದದ್ದನ್ನೆಲ್ಲ ಹೊರಗೆ ಸುರಿ, ಒಂದೊಂದಕ್ಕೂ ಮುಂದಿನ ಹೆಜ್ಜೆ ಏನೆಂದು ಬರೆ, ವಾರಕ್ಕೊಮ್ಮೆ ಎಲ್ಲ ತಿರುವಿ ನೋಡು ಅನ್ನುವುದು ಈ ಪದ್ಧತಿಯ ಸಾರ. ಡೇವಿಡ್ ಅಲನ್ ಅನ್ನುವ ಅಮೆರಿಕದವ 2001ರಲ್ಲಿ ‘ಗೆಟಿಂಗ್ ಥಿಂಗ್ಸ್ ಡನ್’ ಅಂತ ಪುಸ್ತಕ ಬರೆದು ಇದನ್ನು ಊರೂರಿಗೆ ಮುಟ್ಟಿಸಿದ. ಮನಸ್ಸಿನ ಶಾಸ್ತ್ರದವರ ಬೆಂಬಲವೂ ಇದಕ್ಕಿದೆ. ಬ್ಲೂಮಾ ಜೈಗಾರ್ನಿಕ್ ಎಂಬಾಕೆ ಬರ್ಲಿನ್ನಿನಲ್ಲಿ ಪ್ರಯೋಗ ಮಾಡಿ, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಅಂತ 1927ರಲ್ಲಿ ಬರೆದಳು. 2011ರಲ್ಲಿ ಇನ್ನಿಬ್ಬರು ಅದಕ್ಕೊಂದು ಬಾಲ ಸೇರಿಸಿದರು: ಕೆಲಸ ಮುಗಿಸಲೇಬೇಕೆಂದಿಲ್ಲ, ಯಾವಾಗ ಹೇಗೆ ಮಾಡುತ್ತೇನೆಂದು ಬರೆದಿಟ್ಟರೂ ಮನಸ್ಸಿನ ಕಾಟ ತಗ್ಗುತ್ತದಂತೆ. ಇರಬಹುದು. ಮೊದಮೊದಲು ನನಗೂ ಹಗುರಾಯಿತು. ಒಂದು ಕೆಲಸದ ಮುಂದೆ ಬೆರಳಿಟ್ಟರೆ ಟಿಣ್ ಅಂದು ಅದು ಮಾಯವಾಗುವುದು ಚೆನ್ನಾಗಿಯೇ ಇತ್ತು.

ಕೆಂಪಕ್ಷರ ಬರತೊಡಗಿದ ಮೇಲೆ ಮಾತ್ರ ನನಗೆ ನನ್ನದೇ ದನಿ ಕೇಳತೊಡಗಿತು. ಒಡೆಯುತ್ತಿದ್ದ ಗಂಟಲಿನ, ಹದಿನಾರು ಹದಿನೇಳರ ಹುಡುಗನ ದನಿ. ಪರರ ಮನೆಯ ಹೊಸ್ತಿಲಾಚೆ ನಿಂತು, “ಸಾವ್ಕಾರ್ರು ನೆನೆಸ್ಯಾರ್ರೀ” ಅನ್ನುತ್ತಿದ್ದ ದನಿ. ಮೊಬೈಲುಗಳಿಲ್ಲದ ಕಾಲದಲ್ಲಿ, ರಂಗಂಪೇಟೆಯ ಒಂದು ಅಡತಿ ಅಂಗಡಿಯಲ್ಲಿ, ಈ ಆ್ಯಪು ಮಾಡುವ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವನು ನಾನು.

ಸುರಪುರ ಗುಡ್ಡದ ಊರು. ನಾಯಕರ ಅರಮನೆ, ವೇಣುಗೋಪಾಲಸ್ವಾಮಿ ಗುಡಿ ಎಲ್ಲ ಏರಿನ ಕಡೆಗೆ, ವ್ಯಾಪಾರದ ಗದ್ದಲ ಇಳಿಜಾರಿನ ರಂಗಂಪೇಟೆಗೆ. ಎಸ್ಸೆಸ್ಸೆಲ್ಸಿ ಬರೆದು ಸೂಟಿಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಅಪ್ಪ ಆ ಅಂಗಡಿಗೆ ಹಚ್ಚಿದ. ಪಿಯುಸಿ ಓದುವಾಗಲೂ ಸಂಜೆ ಮತ್ತು ಭಾನುವಾರ ಹೋಗುತ್ತಿದ್ದೆ. ಎಂಬತ್ತರ ದಶಕದ ಕೊನೆ ಅದು. ನಾವಿನ್ನೂ ಗುಲ್ಬರ್ಗಾ ಜಿಲ್ಲೆಯವರು. ಯಾದಗಿರಿ ಅಂದರೆ ರೈಲು ಹತ್ತುವ ಊರು, ಅಷ್ಟೆ. ಅದು ಜಿಲ್ಲೆಯಾದದ್ದು 2009ರ ಕೊನೆಗೆ.

ಅಂಗಡಿಯ ಕಟ್ಟೆಯ ಮೇಲೆ ಶೇಂಗಾ, ತೊಗರಿ, ಸಜ್ಜೆಯ ಚೀಲಗಳು, ತಕ್ಕಡಿ, ಬೆವರಿದ ಹಮಾಲರು. ಒಳಗೆ ಗಾದಿ, ಲೋಡು, ಸಾಹುಕಾರರು. ಅವರ ಬಲಕ್ಕೆ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ, ಅದರ ಹಿಂದೆ ಗುಮಾಸ್ತರು. ನಾನವರನ್ನು ಕಾಕಾ ಅನ್ನುತ್ತಿದ್ದೆ. ಒಣಕಲು ಮೈ, ಬಿಳಿ ಟೊಪ್ಪಿಗೆ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಚಾಳೀಸು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಬರೆಯುವುದು ಕನ್ನಡ, ಗುಣಿಸುವಾಗ ಮಾತ್ರ ಮರಾಠಿಯ ಸವ್ವಾ, ದೀಡ, ಅಡೀಚ ಅಂತ ತುಟಿಯಲ್ಲೇ ಮಣಮಣ.

ಕಾಕಾರ ಮುಂದೆ ಎರಡು ಕೆಂಪು ಬಟ್ಟೆಯ ವಹಿಗಳು. ಒಂದು ಕಿರ್ದಿ, ಒಂದು ಖತಾವಣಿ. ಬೆಳಿಗ್ಗೆ ಊದಿನಕಡ್ಡಿ ಹಚ್ಚಿ ಕಿರ್ದಿ ತೆರೆದರೆ ಮೇಲೆ ಶ್ರೀ, ಅದರ ಕೆಳಗೆ ತಿಥಿ, ವಾರ, ತಾರೀಖು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಿನ್ನೆ ಕೈಯಲ್ಲುಳಿದ ಶಿಲ್ಕು ಎಡಗಡೆಯ ಮೊದಲ ಸಾಲು. ಅಲ್ಲಿಂದ ಮುಂದೆ ದಿನವಿಡೀ ನಡೆದದ್ದೆಲ್ಲ ನಡೆದ ಕ್ರಮದಲ್ಲೇ ಬೀಳಬೇಕು. ಹಮಾಲಿ, ಚಹಾದ ಖರ್ಚು, ಯಾರಿಗೋ ಬೀಜಕ್ಕೆ ಕೊಟ್ಟದ್ದು, ಯಾರೋ ತಂದು ಕಟ್ಟಿದ್ದು. ಯೋಚಿಸುವ ಹಾಗಿಲ್ಲ, ವಿಂಗಡಿಸುವ ಹಾಗಿಲ್ಲ, ಮೊದಲು ಬರೆ. ಸಂಜೆ ಕಂದೀಲು ಹಚ್ಚಿದ ಮೇಲೆ ಕಿರ್ದಿಯ ಒಂದೊಂದು ಸಾಲೂ ಖತಾವಣಿಯಲ್ಲಿ ಅವರವರ ಹೆಸರಿನ ಪುಟಕ್ಕೆ ಹೋಗುತ್ತಿತ್ತು. ಹೋದ ಸಾಲಿನ ಪಕ್ಕ ಕಾಕಾ ಪುಟದ ನಂಬರು ಹಾಕುತ್ತಿದ್ದರು. ಕರೆಂಟ್ ಇರಲಿಲ್ಲವೆಂದಲ್ಲ, ಇದ್ದೂ ಇರುತ್ತಿರಲಿಲ್ಲ.

ನ್ಯೂಯಾರ್ಕಿನ ರೈಡರ್ ಕ್ಯಾರಲ್ ಅನ್ನುವ ವಿನ್ಯಾಸಗಾರ 2013ರಲ್ಲಿ ಬುಲೆಟ್ ಜರ್ನಲ್ ಅಂತ ಒಂದು ಕ್ರಮ ಹೊರಗೆ ತಂದ. ಸಾದಾ ನೋಟುಬುಕ್ಕು. ದಿನದ್ದೆಲ್ಲ ಸಾಲಾಗಿ ಗೀಚು, ಆಮೇಲೆ ವಿಷಯವಾರು ಪುಟಗಳಿಗೆ ಸಾಗಿಸು, ಮೊದಲ ಪುಟಗಳಲ್ಲೊಂದು ಅನುಕ್ರಮಣಿಕೆ ಇಡು. ಕೆಲಸಕ್ಕೊಂದು ಚುಕ್ಕೆ, ಮುಗಿದರೆ ಕತ್ತರಿ ಗುರುತು, ಮುಂದೆ ಹಾಕಿದರೆ ಬಾಣ. ಮಗಳು ಇದರ ವಿಡಿಯೊ ತೋರಿಸುವಾಗ ನನಗೆ ಅವಳ ಮಾತಿಗಿಂತ ಹೆಚ್ಚಾಗಿ ಕಾಕಾರ ಟಾಕಿನ ಸದ್ದೇ ಕೇಳುತ್ತಿತ್ತು. ಯಾಕೆಂದರೆ ಕಾಕಾರ ಹತ್ತಿರ ಮೂರನೆಯದೊಂದು ವಹಿ ಇತ್ತು. ಅಂಗೈ ಅಗಲದ್ದು, ಅದಕ್ಕೆ ಹೆಸರಿಲ್ಲ. ಸಾಹುಕಾರರಿಗೂ ಅದನ್ನು ಓದಲು ಬರುತ್ತಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಆ ವಹಿಯಲ್ಲಿ ತಾರೀಖುಗಳಿರಲಿಲ್ಲ. ಒಂದು ಪುಟದ ನೆತ್ತಿಗೆ ಎಳ್ಳಮವಾಸಿ, ಇನ್ನೊಂದಕ್ಕೆ ತಿಂಥಣಿ ಜಾತ್ರಿ, ಮುಂದೆ ಉಗಾದಿ, ಕಾರಹುಣ್ಣಿಮಿ, ಹಾಲೋಕುಳಿ, ಸೀಗಿಹುಣ್ಣಿಮಿ. ಪ್ರತಿ ಪುಟದಲ್ಲೂ ಆ ವಾಯಿದೆಗೆ ರೊಕ್ಕ ಕೊಡುತ್ತೇನೆಂದವರ ಹೆಸರು, ಊರು. ನಮ್ಮ ಭಾಗದ ರೈತನಿಗೆ ಮಾರ್ಚ್ 31 ಅಂದರೆ ಏನು ಹೇಳಿದಂತಾಯಿತು? ‘ತಿಂಥಣಿ ಮೌನೇಶ್ವರನ ಜಾತ್ರಿ ಮುಗಿದ ಮ್ಯಾಲ’ ಅಂದರೆ ಆ ಹೊತ್ತಿಗೆ ತೊಗರಿ ಮನೆಗೆ ಬಂದಿರುತ್ತದೆ ಅಂತ ಕೊಟ್ಟವನಿಗೂ ಇಸಕೊಂಡವನಿಗೂ ಗೊತ್ತು. ಡೇವಿಡ್ ಅಲನ್‌ನ ಪುಸ್ತಕದಲ್ಲಿ ನಲವತ್ತಮೂರು ಫೋಲ್ಡರುಗಳ ಒಂದು ಏರ್ಪಾಡಿದೆ. ತಿಂಗಳ ದಿನಗಳಿಗೆ 31, ವರ್ಷದ ತಿಂಗಳುಗಳಿಗೆ 12. ಯಾವ ಕಾಗದ ಯಾವಾಗ ಕಣ್ಣಿಗೆ ಬೀಳಬೇಕೋ ಆ ಫೋಲ್ಡರಿಗೆ ಹಾಕಿಬಿಟ್ಟರೆ ಆ ದಿನ ತಾನಾಗಿ ಎದುರಿಗೆ ಬರುತ್ತದೆ. ಕಾಕಾ ಅದನ್ನೇ ಆರೇಳು ಹಬ್ಬಗಳಲ್ಲಿ ಮುಗಿಸಿದ್ದರು.

ನನ್ನ ಕೆಲಸ ಆ ಮೂರನೆಯ ವಹಿಯಿಂದ ಹುಟ್ಟಿದ್ದು. ಹಬ್ಬ ಇನ್ನೊಂದು ವಾರ ಇದೆ ಅನ್ನುವಾಗ ಕಾಕಾ ಒಂದು ಬೀಡಿ ಕಟ್ಟಿನ ಕಾಗದದ ಮೇಲೆ ಐದಾರು ಹೆಸರು ಬರೆದು ಕೊಡುವರು. ಅಂಗಡಿಯ ಸೈಕಲ್ ಹತ್ತಿ ಊರೊಳಗಿನ ಮನೆಗಳಿಗೂ ಸುತ್ತಿನ ಹಳ್ಳಿಗಳಿಗೂ ಹೋಗಿ ಬರಬೇಕು. ಮೊದಲ ದಿನವೇ ಅವರು ಹೇಳಿಕೊಟ್ಟದ್ದು ನನಗೆ ಇವತ್ತಿಗೂ ಬಾಯಿಪಾಠ. “ಮನಿ ಮುಂದ ನಿಂತು ಒದರಬ್ಯಾಡ. ರೊಕ್ಕ ಅನ್ನೋ ಮಾತು ಬಾಯಾಗ ಬರಬಾರದು. ಸಾವ್ಕಾರ್ರು ನೆನೆಸ್ಯಾರ ಅನ್ನು, ಸಾಕು. ನೀರು ಕೊಟ್ರ ಕುಡಿ. ಚಾ ಕೊಟ್ರ ಬ್ಯಾಡ ಅನ್ನು.” ಚಹಾ ಯಾಕೆ ಬೇಡ ಅಂತ ಕೇಳಿದ್ದಕ್ಕೆ, “ಸಕ್ರಿ ಪುಗಸಟ್ಟೆ ಬರ್ತದೇನು ಅವರಿಗೆ?” ಅಂದಿದ್ದರು.

ಹಾಗೇ ಹೋಗುತ್ತಿದ್ದೆ. ಗುಡ್ಡದ ಏರಿನಲ್ಲಿ ಸೈಕಲ್ ದಬ್ಬಿಕೊಂಡು ಹತ್ತಿ, ಟೇಲರ್ ಮಂಜಿಲ್ ಹತ್ತಿರ ಉಸಿರು ಬಿಟ್ಟು ನಿಲ್ಲುವುದು ರೂಢಿ. ಲೆಕ್ಕ ಸರಿ ಮಾಡಲಿಕ್ಕೆಂದು ಹೊರಗಿನಿಂದ ಬಂದವರನ್ನು ಕಂಡ ಊರು ನಮ್ಮದು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದು, ಎಳೆಯ ರಾಜನ ಹೆಸರಿನಲ್ಲಿ ಸಂಸ್ಥಾನದ ಆಡಳಿತ ನೋಡಿ, 1853ರಲ್ಲಿ ಹೋದ. ಬೋನಾಳ ಕೆರೆ ದೊಡ್ಡದು ಮಾಡಿಸಿದವನೂ ಅವನೇ. ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾದ ಆತ್ಮಕಥೆಯನ್ನು ನಾನು ಓದಿದ್ದು ಬಹಳ ತಡವಾಗಿ. ದಣಿವೇ ಇಲ್ಲದ ಮನುಷ್ಯನ ಬರವಣಿಗೆ, ಮಾಡಿದ ಕೆಲಸ ಮಾಡಬೇಕಾದ ಕೆಲಸ ಎರಡರದ್ದೂ ಪಟ್ಟಿ ಮುಗಿಯುವುದಿಲ್ಲ. ಅವನನ್ನು ಅಪ್ಪಾ ಅನ್ನುತ್ತಿದ್ದ ಹುಡುಗ ವೆಂಕಟಪ್ಪ ನಾಯಕ ಕಂಪನಿ ಸರಕಾರದ ವಿರುದ್ಧ ತಿರುಗಿ ಬಿದ್ದು 1858ರಲ್ಲಿ ತೀರಿಕೊಂಡ. ಆ ಸಂಗತಿ ಟೇಲರನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮನೆಗಳಲ್ಲಿ ನನಗೆ ಸಿಗುತ್ತಿದ್ದ ಉತ್ತರಗಳು ಹೆಚ್ಚು ಬಗೆಯವಲ್ಲ. “ಹತ್ತಿ ಬಿಡಸ್ಲಕತ್ತೀವಿ, ಬರ್ತೀವಂತ ಹೇಳಪ್ಪಾ.” “ನಾಳಿಗಿ ಬರ್ತಾರ.” “ಅವರು ಊರಾಗಿಲ್ಲ.” ಊರಲ್ಲಿಲ್ಲದವರ ಮೆಟ್ಟು ಬಾಗಿಲಲ್ಲೇ ಇರುತ್ತಿದ್ದವು. ತಿರುಗಿ ಬಂದು ಹೇಳಿದರೆ ಕಾಕಾ ಕೇಳಿಸಿಕೊಂಡು ಹೆಸರಿನ ಮುಂದೆ ಗುರುತು ಹಾಕುವರು. ಬರುತ್ತೇನೆಂದವನಿಗೆ ಚುಕ್ಕೆ, ಸಿಗದವನಿಗೆ ಸೊನ್ನೆ, ನಾಳೆ ಅಂದವನಿಗೆ ಮುಂದಿನ ಹಬ್ಬದ ಕಡೆ ಬಾಗಿದ ಒಂದು ಗೀಟು. ಮೆಟ್ಟಿನ ಸುದ್ದಿ ಹೇಳಿದರೆ ಮಾತ್ರ ಅವರು ತಲೆ ಎತ್ತುತ್ತಿರಲಿಲ್ಲ. “ನಿನಗ ಮಂದಿ ಸಿಕ್ರೋ ಇಲ್ಲೋ ಅಷ್ಟು ಹೇಳು. ಮೆಟ್ಟಿನ ಪಂಚಾಯ್ತಿ ಬ್ಯಾಡ.”

ಆಗ ನನಗೆ ಇದೆಲ್ಲ ದೊಡ್ಡ ಮನುಷ್ಯರ ರೀತಿ ಅನ್ನಿಸಿತ್ತು. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ. ಉಳಿದರ್ಧ ಬೇರೆ. ಒದರುವ ಅಗತ್ಯವೇ ಇರಲಿಲ್ಲ. ಆ ಸೈಕಲ್ ಯಾರ ಅಂಗಡಿಯದು, ಯಾವ ಹಬ್ಬ ಹತ್ತಿರ ಬಂದಿದೆ ಅನ್ನುವುದು ಓಣಿಗೇ ಗೊತ್ತಿತ್ತು. ನಾನು ಎಷ್ಟು ಮೆತ್ತಗೆ ಮಾತಾಡಿದರೂ ಎದುರು ಮನೆಯ ಕಿಟಕಿ ತೆರೆಯುತ್ತಿತ್ತು.

ಕಾಲುವೆ ಬಂದದ್ದೂ ಅದೇ ವರ್ಷಗಳಲ್ಲಿ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದಿತ್ತು. ಎಡದಂಡೆ ಕಾಲುವೆಯ ನೀರು ಊರಿಂದೂರಿಗೆ ಸರಿಯುತ್ತ ಬಂದಂತೆ ಕಾಕಾರ ಮೂರನೆಯ ವಹಿ ದಪ್ಪವಾಯಿತು. ಅದಕ್ಕೆ ಮುಂಚೆ ರೈತನ ಕೆಲಸದ ಯಾದಿ ಬರೆಯುತ್ತಿದ್ದದ್ದು ಮಳೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ರೋಹಿಣಿಯಲ್ಲಿ ಹೊಲ ಹಸನು ಮಾಡಬೇಕು, ಮೃಗಶಿರದಲ್ಲೋ ಆರಿದ್ರದಲ್ಲೋ ತೊಗರಿ, ಸಜ್ಜೆ ಬಿತ್ತಬೇಕು, ಉತ್ತರಿ ಹಸ್ತಕ್ಕೆ ಹಿಂಗಾರಿ ಜೋಳ. ಮಳೆ ಬಾರದಿದ್ದರೆ ಕೆಲಸವೇ ಇಲ್ಲ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ನೀರು ಬಂದ ಮೇಲೆ ಭತ್ತ ಬಂತು, ಆಂಧ್ರದ ಕಡೆಯವರು ಬಂದು ಕ್ಯಾಂಪು ಹಾಕಿಕೊಂಡರು, ಗೊಬ್ಬರ, ಎಣ್ಣೆ, ಬೀಜ ಎಲ್ಲಕ್ಕೂ ಮೊದಲೇ ರೊಕ್ಕ ಬೇಕಾಯಿತು. ಎರಡು ಬೆಳೆಯ ಸಂತೋಷದ ಜೊತೆಗೆ ಎರಡು ವಾಯಿದೆ. ನೀರಿಲ್ಲದ ತುದಿಯ ಊರುಗಳಿಗೆ ಹಳೆಯ ಒಂದೇ ಬೆಳೆ, ಸಾಲ ಮಾತ್ರ ಹೊಸ ನಮೂನೆಯದು.

ನಮ್ಮ ಮನೆಯಲ್ಲೂ ಒಂದು ಪದ್ಧತಿ ಇತ್ತು. ಗದಗಿನ ಶಾಬಾದಿಮಠ ಕ್ಯಾಲೆಂಡರ್. ಅಡುಗೆಮನೆಯ ಮೊಳೆಗೆ ತೂಗುತ್ತಿದ್ದ ಅದರ ಚೌಕಗಳಲ್ಲಿ ಅವ್ವ ನಾಲ್ಕನೇ ಇಯತ್ತೆ ಕಲಿತ ಅಕ್ಷರಗಳಿಂದ ಸಂಸಾರ ಬರೆದಿಡುತ್ತಿದ್ದಳು. ಹಾಲಿನವನು ಬಾರದ ದಿನಕ್ಕೆ ಗೀಟು, ಎಮ್ಮೆ ಗಬ್ಬ ಕಟ್ಟಿದ ದಿನ, ಅಕ್ಕನ ಮನೆಗೆ ಬುತ್ತಿ, ನನ್ನ ಫೀ, ಅಪ್ಪನ ಗುಳಿಗೆ. ನಮ್ಮವ್ವನ ನೆಪ್ಪು ಬಲು ಘಟ್ಟಿ ಅಂತ ಬಂಧುಬಳಗವೆಲ್ಲ ಹೊಗಳುತ್ತಿತ್ತು. ವರ್ಷ ಮುಗಿದರೆ ಹೊಸ ಕ್ಯಾಲೆಂಡರನ್ನು ಹಳೆಯದರ ಮೇಲೇ ತೂಗುಹಾಕುವುದು ಅವಳ ಕ್ರಮ. ಅವಳು ಹೋದ ಮೇಲೆ ಮೊಳೆಯಿಂದ ಇಳಿಸಿ, ನೆಲದ ಮೇಲೆ ಕೂತು ಒಂದೊಂದಾಗಿ ತಿರುವಿದೆ. ಎಲ್ಲರದ್ದೂ ಇದೆ. ಅವಳದ್ದು ಅಂತ ಹುಡುಕಿದರೆ ಒಂದು ವರ್ಷದ ಪುಟಗಳಲ್ಲಿ ಒಂದೇ ಮಾತು ಸಿಕ್ಕಿತು: ‘ಹಲ್ಲು, ಯಾದಗಿರಿ’. ಜ್ಯೇಷ್ಠದಲ್ಲಿ ಬರೆದು ಹೊಡೆದಿದ್ದಾಳೆ, ಶ್ರಾವಣದಲ್ಲಿ ಮತ್ತೆ ಬರೆದಿದ್ದಾಳೆ, ದೀಪಾವಳಿ ಆದ ಮೇಲೆ ಮತ್ತೆ. ಆ ವರ್ಷ ಅಕ್ಕನ ಬಾಣಂತನ, ಅಪ್ಪನ ಕಾಲು ಮುರಿದದ್ದು, ನನ್ನ ಪರೀಕ್ಷೆ. ಮರುವರ್ಷದ ಕ್ಯಾಲೆಂಡರಿನಲ್ಲಿ ಆ ಮಾತಿಲ್ಲ. ಹಲ್ಲು ತಾನೇ ಬಿದ್ದಿರಬೇಕು. ಘಟ್ಟಿ ನೆಪ್ಪಿನ ಹೆಂಗಸರನ್ನು ಯಾರಾದರೂ ಹೊಗಳಿದರೆ ನನಗೀಗ ಸಿಟ್ಟು ಬರುತ್ತದೆ.

ಹೋದ ವರ್ಷ ಅದೇ ವಾರಸಾ ಕೆಲಸಕ್ಕೆ ಸುರಪುರಕ್ಕೆ ಹೋಗಿದ್ದೆ. ಕಚೇರಿಯಲ್ಲಿ ಊಟದ ಹೊತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ನನ್ನದೇ ವಯಸ್ಸಿನವರೊಬ್ಬರು ಬಹಳ ಹೊತ್ತು ದಿಟ್ಟಿಸಿ ನೋಡಿ, “ನೀವು ಅಡತಿ ಅಂಗಡಿ ಸೈಕಲ್ ಮ್ಯಾಲ ಬರ್ತಿದ್ದಿರಲ್ಲ?” ಅಂದರು. ಹೌದೆಂದೆ. ಊರು ಹೇಳಿದರು, ಅವರ ತಂದೆಯ ಹೆಸರು ಹೇಳಿದರು. ಹೆಸರು ನೆನಪಾಗಲಿಲ್ಲ, ಮನೆ ನೆನಪಾಯಿತು. ಮುಂದೆ ಬೇವಿನ ಮರ, ಪಕ್ಕದಲ್ಲಿ ಹಗೇವು.

“ನಿಮ್ಮ ಸೈಕಲ್ ಗಂಟಿ ಕೇಳಿದ್ರ ನಮ್ಮಪ್ಪ ಹಗೇವಿನ್ಯಾಗ ಇಳೀತಿದ್ದ ನೋಡ್ರಿ!” ಅಂತ ಅವರು ಚಹಾ ಚೆಲ್ಲುವಷ್ಟು ನಕ್ಕರು. “ಜ್ವಾಳ ಎಲ್ಲಿತ್ತು, ಖಾಲೀನೇ ಇರ್ತಿತ್ತು. ಮ್ಯಾಲ ಕಲ್ಲು ಮುಚ್ಚೋದು ನನ್ನ ಕೆಲಸ. ನೀವು ಒಂದ್ಸಲ ಅದೇ ಕಲ್ಲಿನ ಮ್ಯಾಲ ಕುಂತು ನೀರು ಕುಡಿದ್ರಿ. ಅಪ್ಪಗ ಕೆಮ್ಮು ಬಂದ್ರ ಏನು ಗತಿ ಅಂತ ನಮ್ಮವ್ವ ಒಂದೇ ಸವನ ಮಾತಾಡ್ಲಕತ್ತಿದ್ಲು.”

ನಾನೂ ನಕ್ಕೆ. ನಗದೆ ಏನು ಮಾಡುವುದು? ಆಮೇಲೆ ಏನಾಯಿತೆಂದು ಕೇಳಿದೆ. ಮನೆಮಂದಿಯೆಲ್ಲ ಗುಳೆ ಎದ್ದು ಮುಂಬಯಿಗೆ ಹೋದರಂತೆ, ಕಟ್ಟಡದ ಕೆಲಸಕ್ಕೆ. “ಬಾಕಿ ತೀರ್ತು. ಅಷ್ಟೊತ್ತಿಗಿ ಅಲ್ಲೇ ರೂಢಿ ಆಗಿತ್ತು.” ಈಗ ಮಕ್ಕಳು ಪುಣೆಯಲ್ಲಿದ್ದಾರೆ. ಇವರು ಜಾತ್ರೆಗೆ, ಓಟಿಗೆ ಬಂದು ಹೋಗುತ್ತಾರೆ. ಚಹಾದ ರೊಕ್ಕ ನನಗೆ ಕೊಡಗೊಡಲಿಲ್ಲ. “ಅವತ್ತು ನೀವು ಚಾ ಬ್ಯಾಡ ಅಂದಿದ್ದಿರಿ” ಅಂದರು.

ನೀರು ಕುಡಿದು ಎದ್ದು ಬಂದು ನಾನು ಕಾಕಾರಿಗೆ ಸಿಗಲಿಲ್ಲ ಅಂದಿರಬೇಕು, ಅವರು ಸೊನ್ನೆ ಹಾಕಿರಬೇಕು. ಅಂಗಡಿಯ ವಹಿಯಲ್ಲಿ ಆ ಮಧ್ಯಾಹ್ನದ ಅಳತೆ ಅಷ್ಟು. ಕಾಕಾರ ಸೌಜನ್ಯ ನಿಜ, ಆ ಹೆಂಗಸಿನ ಹೆದರಿಕೆಯೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾನು ಆ ಅಂಗಡಿಯನ್ನು ನೆನೆಯಬೇಕಾಗಿದೆ. ಹಾಗಂತ ಇವತ್ತಿನ ರೀತಿ ಮೇಲು ಅಂತಲೂ ಹೇಳಲಾರೆ. ಈಗ ಬೈಕಿನ ಮೇಲೆ ಟ್ಯಾಬು ಹಿಡಿದ ಹುಡುಗರು ವಾರದ ಕಂತಿಗೆ ಬರುತ್ತಾರೆ. ಅವರ ತಲೆಯ ಮೇಲೆ ಇನ್ನೊಂದು ಆ್ಯಪು ಕೆಂಪು ತೋರಿಸುತ್ತಿರುತ್ತದೆ. ಸಾಲ ನೆನಪು ಮಾಡುವ ರೀತಿ ಎಲ್ಲಿಗೆ ಮುಟ್ಟಿತೆಂದರೆ ಮೈಕ್ರೋಫೈನಾನ್ಸಿನವರ ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಹುಡುಗರಿಗೆ ಚಹಾ ಬೇಡ ಅನ್ನು ಅಂತ ಹೇಳಿಕೊಡುವವರು ಯಾರಾದರೂ ಇದ್ದಾರೋ ಇಲ್ಲವೋ.

ಕಾಕಾರ ವಿಷಯ ಇನ್ನೊಂದು ಉಳಿದಿದೆ. ದೀಪಾವಳಿಗೆ ಹೊಸ ವಹಿ ಹಾಕುವ ಪದ್ಧತಿ. ಲಕ್ಷ್ಮೀಪೂಜೆಯ ಹಿಂದಿನ ರಾತ್ರಿಗಳಲ್ಲಿ ಹಳೆಯ ಖತಾವಣಿಯ ಪ್ರತಿಯೊಂದು ಪುಟದ ಬಾಕಿ ತೆಗೆದು ಹೊಸದರಲ್ಲಿ ಏರಿಸಬೇಕು. ನಾನು ಓದುವುದು, ಕಾಕಾ ಬರೆಯುವುದು. ಹೆಸರು, ಊರು, ಅಸಲು, ಬಡ್ಡಿ, ಬಾಕಿ ಮುಂದಕ್ಕೆ. ಪುಟ ತಿರುವು. ಹೆಸರು, ಊರು, ಅಸಲು, ಬಡ್ಡಿ, ಬಾಕಿ ಮುಂದಕ್ಕೆ. ಸುತ್ತಲೂ ಹೊಸ ಕಾಗದದ, ಶಾಯಿಯ ವಾಸನೆ. ಸಾಹುಕಾರರು ಊಟಕ್ಕೆ ಹೋಗಿದ್ದರು. ಹಾಗೆ ಓದುತ್ತ ಓದುತ್ತ ಒಂದು ಪುಟದಲ್ಲಿ ಕಾಕಾರದೇ ಹೆಸರು ಬಂತು. ಮಗಳ ಲಗ್ನಕ್ಕೆ ಇಸಕೊಂಡದ್ದು, ಹೆಂಡತಿಯ ದವಾಖಾನೆಗೆ, ಸೋರುವ ಮಾಳಿಗೆಗೆ, ಮತ್ತೆ ದವಾಖಾನೆಗೆ. ಉಳಿದ ಪುಟಗಳ ಹಾಗೇ ಸ್ವಚ್ಛ ಅಕ್ಷರ, ಒಂದೂ ಚಿತ್ತಿಲ್ಲ. ಬಡ್ಡಿಯ ದರವೂ ಎಲ್ಲರಿಗೆ ಹಾಕಿದ್ದೇ. ಜಮಾ ಕಡೆ ತಿಂಗಳ ಸಂಬಳದಿಂದ ಮುರಿದುಕೊಂಡ ಸಣ್ಣ ಸಣ್ಣ ಮೊತ್ತಗಳು. ನಾನು ನಿಲ್ಲಿಸಿದೆ. ಅವರು ಟಾಕು ಶಾಯಿಯಲ್ಲಿ ಅದ್ದಿ, ಹೊಸ ಪುಟದ ಮೇಲೆ ತಮ್ಮ ಹೆಸರು ಬರೆದುಕೊಂಡು, ಕಾಯುತ್ತಿದ್ದರು.

“ಓದಲ್ಲ. ಕಣ್ಣು ಹತ್ತಿತೇನು?”

ಓದಿದೆ. ಬರೆದರು. ಬಾಕಿ ಮುಂದಕ್ಕೆ ಅಂತ ತಾವೇ ಬಾಯಲ್ಲಿ ಹೇಳಿ, ಮರಳು ಉದುರಿಸಿ, “ಮುಂದಿಂದು” ಅಂದರು.

ಓಣಿಯ ಜನ ಕಾಕಾರನ್ನು ಸಾಹುಕಾರರ ಕಡೆಯ ಮನುಷ್ಯ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಅವರು ಆ ವಹಿಯ ಎರಡೂ ಕಡೆ ಇದ್ದರು. ವಾಯಿದೆ ಬಂದವರ ಮನೆಗೆ ಹುಡುಗನನ್ನು ಕಳಿಸುವಾಗ ಅಷ್ಟು ನಾಜೂಕು ಎಲ್ಲಿಂದ ಬಂತು ಅನ್ನುವುದು ಆ ರಾತ್ರಿ ಸ್ವಲ್ಪ ತಿಳಿದ ಹಾಗಾಯಿತು. ಆದರೆ ತಮ್ಮ ಬಡ್ಡಿಯಲ್ಲಿ ಅವರು ತಮಗೇ ಒಂದು ಕಾಸು ಬಿಟ್ಟುಕೊಳ್ಳಲಿಲ್ಲವಲ್ಲ, ಅದನ್ನು ಪ್ರಾಮಾಣಿಕತೆ ಅಂತ ಬಹಳ ವರ್ಷ ಮೆಚ್ಚಿಕೊಂಡಿದ್ದೆ. ಈಗ ಅಷ್ಟೊಂದು ಮೆಚ್ಚಲಾರೆ. ಮನುಷ್ಯ ತನ್ನ ಸಾಲವನ್ನು ತಾನೇ ಇಷ್ಟು ಚೆಂದ ಬರೆದಿಡಬಾರದು.

ಆ್ಯಪಿನ ಕೆಂಪಕ್ಷರ ನನ್ನನ್ನು ಕಾಡಿದ್ದು ಇದೇ ಕಾರಣಕ್ಕೆ ಅನ್ನಿಸುತ್ತದೆ. ಅಲ್ಲಿ ಸಾಲ ಕೊಟ್ಟವನೂ ನಾನು, ಇಸಕೊಂಡವನೂ ನಾನು, ಸೈಕಲ್ ಮೇಲೆ ಬಂದು ಗಂಟೆ ಬಾರಿಸುವವನೂ ನಾನು. ಹಗೇವಿಗೆ ಇಳಿಯೋಣವೆಂದರೆ ಮೇಲೆ ಕಲ್ಲು ಮುಚ್ಚಲಿಕ್ಕೆ ಇನ್ನೊಬ್ಬರು ಬೇಕು.

ಕ್ಯಾರಲ್‌ನ ಪದ್ಧತಿಯಲ್ಲಿ ಒಂದು ಒಳ್ಳೆಯ ಅಂಶವಿದೆ. ತಿಂಗಳ ಕೊನೆಗೆ ಉಳಿದ ಕೆಲಸಗಳನ್ನು ಕೈಯ್ಯಾರೆ ಹೊಸ ಪುಟಕ್ಕೆ ಎತ್ತಿ ಬರೆಯಬೇಕು. ಮತ್ತೆ ಬರೆಯುವಷ್ಟು ಅದಕ್ಕೆ ಯೋಗ್ಯತೆಯಿಲ್ಲ ಅನ್ನಿಸಿದರೆ ಅಲ್ಲೇ ಹೊಡೆದುಹಾಕಬಹುದು. ಬೆರಳಿನಿಂದ ಮುಂದಕ್ಕೆ ತಳ್ಳುವುದು ಸುಲಭ, ಕೈಯಿಂದ ಬರೆಯುವುದು ಬೇಸರ. ಆ ಬೇಸರವೇ ಜರಡಿ. ಖತಾವಣಿಗೆ ಈ ದಯೆ ಗೊತ್ತಿರಲಿಲ್ಲ. ಆ ಒಂದು ಕಾರಣಕ್ಕೆ ಆ್ಯಪು ತೆಗೆದುಹಾಕಿ ನೋಟುಬುಕ್ಕಿಗೆ ಬಂದೆ. ಕರೆಂಟ್ ಬಿಲ್ಲಿನಂಥವನ್ನು ನೆನಪಿಸಲಿಕ್ಕೆ ಫೋನಿನ ಅಲಾರಾಂ ಇದ್ದೇ ಇದೆ. ಹಳೇ ಪೇಪರು ಮಾರುವ ಕೆಲಸ ಮೊದಲ ತಿಂಗಳೇ ಹೊಡೆದುಹಾಕಿದೆ. ಪೇಪರು ಇನ್ನೂ ಮೂಲೆಯಲ್ಲಿವೆ. ವಾರಸಾ ಅರ್ಜಿ ಮಾತ್ರ ಪುಟದಿಂದ ಪುಟಕ್ಕೆ ಬರುತ್ತಲೇ ಇದೆ. ಅದು ಮುಗಿಯಿತೆಂದರೆ ಸುರಪುರಕ್ಕೆ ಹೋಗಲು ಬೇರೆ ನೆವ ಹುಡುಕಬೇಕಾಗುತ್ತದೆ.

ನೋಟುಬುಕ್ಕಿನ ನಡುವೆ ಗೆರೆ ಎಳೆದುಕೊಂಡಿದ್ದೇನೆ. ಮಾಡಬೇಕಾದ್ದೆಲ್ಲ ಬಲಕ್ಕೆ. ಆ್ಯಪಿನಲ್ಲಿ ಅಷ್ಟೇ ಇತ್ತು, ಖರ್ಚಿನ ಕಡೆ ಮಾತ್ರ. ಎಡಕ್ಕೆ ಜಮಾ ಬರೆಯುತ್ತೇನೆ. ಅಕ್ಕ ಸಜ್ಜೆ ರೊಟ್ಟಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ್ದು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಪ್ಪು ಚಹಾ, ಹಳೆಯ ಲೆಕ್ಕ. ಮಗಳು ಫೋನಿನಲ್ಲಿ ಕೆಲಸದ ಮಾತಿಲ್ಲದೆ ಸುಮ್ಮನೆ ಹರಟಿದ್ದು. ರಾತ್ರಿ ಕೂತು ಎರಡೂ ಕಡೆ ಕೂಡಿಸಲು ನೋಡುತ್ತೇನೆ. ಕಾಕಾ ಶಿಲ್ಕು ತಾಳೆಯಾಗದೆ ಗಾದಿ ಬಿಟ್ಟು ಏಳುತ್ತಿರಲಿಲ್ಲ, ನಾಲ್ಕಾಣೆ ಹೆಚ್ಚು ಬಂದರೂ ಸರಿ, ಕಡಿಮೆ ಬಂದರೂ ಸರಿ, ಮತ್ತೆ ಮೊದಲಿನಿಂದ ಎಣಿಸುವರು. ನನ್ನದು ಒಂದು ದಿನವೂ ತಾಳೆಯಾಗಿಲ್ಲ, ಎಡಗಡೆಯೇ ಹೆಚ್ಚು ಬರುತ್ತದೆ. ಹಾಗೇ ಮುಚ್ಚಿಟ್ಟು ಊಟಕ್ಕೆ ಏಳುತ್ತೇನೆ.